ಮುಳ್ಳಿನ ಕಡಿವಾಣ

ಗುಡುಗು ಹತ್ತಿರವಾಗುತ್ತಿತ್ತು. ಅವನು ಕುದುರೆಯನ್ನು ಅಂಗಡಿಯ ಮುಂದಿನ ಕಬ್ಬಿಣದ ಕಂಬಕ್ಕೆ ಕಟ್ಟಿ ಒಳಗೆ ಬಂದ. ಕುದುರೆಯ ಬಾಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

“ಈಗಿರೋ ಕಡಿವಾಣಕ್ಕೆ ಅದು ಬಗ್ತಿಲ್ಲ. ಮುಳ್ಳಿರೋದು ಕೊಡು.”

“ಮೊದಲು ಕುದುರೇನ ಒಳಗೆ ತನ್ನಿ ಅಣ್ಣಾ,” ಎಂದಳು ಅಂಗಡಿಯಾಕೆ. “ಆ ಕಂಬ ಅಂದ್ರೆ ಸಿಡಿಲಿಗೆ ಮಾವನ ಮನೆ ಇದ್ದ ಹಾಗೆ, ಕರೀದೇ ಬರುತ್ತೆ. ಹೋದ ವರ್ಷ ಅಲ್ಲೇ ಒಂದು ಎಮ್ಮೆ ಸುಟ್ಟುಹೋಯ್ತು.”

“ಸುಡಲಿ ಬಿಡು, ಬುದ್ಧಿ ಬರುತ್ತೆ.”

“ಸತ್ತ ಮೇಲೆ ಬುದ್ಧಿ ಇಟ್ಕೊಂಡು ಅದೇನು ಪರೀಕ್ಷೆ ಬರೀಬೇಕಾ?”

ಅವನು ಮೇಜು ಗುದ್ದಿದ. ಅವಳು ಮುಳ್ಳಿನ ಕಡಿವಾಣವನ್ನು ತೆಗೆದು ಮುಂದಿಟ್ಟಳು.

“ಇದನ್ನ ಕೊಳ್ಳೋರು ಮೊದಲು ತಾವೇ ಕಚ್ಚಿ ನೋಡಬೇಕು. ನಮ್ಮಪ್ಪನ ಕಾಲದಿಂದ ಬಂದ ಅಂಗಡಿ ಪದ್ಧತಿ. ಎಷ್ಟೋ ಗಂಡಸರು ಇದನ್ನ ಕೇಳಿಯೇ ಓಡಿಹೋಗಿದ್ದಾರೆ.”

“ನಾನು ಓಡೋನಲ್ಲ. ಹಾಕು.”

ಅವನು ಕಚ್ಚಿದ. ಅವಳು ತಲೆಯ ಹಿಂದೆ ಪಟ್ಟಿ ಬಿಗಿದಳು.

“ಕೈಯನ್ನೂ ಕಟ್ಟಬೇಕು ಅಣ್ಣಾ. ಕುದುರೆಗೆ ಕೈ ಇರಲ್ವಲ್ಲ.”

ನಗುತ್ತಲೇ ಅವನು ಕೈಗಳನ್ನು ಹಿಂದಕ್ಕೆ ಕೊಟ್ಟ. ಅವಳು ಅವನ್ನು ಕಟ್ಟಿ ಲಗಾಮು ಜಗ್ಗಿದಾಗ ನಗು ನಿಂತಿತು. ಮುಳ್ಳು ನಾಲಿಗೆಯನ್ನು ಸೀಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಬೈಯಲು ಹೋದರೆ ಬರೀ ಗೊರಗೊರ ಸದ್ದು. ಅವಳು ಎಳೆದ ಕಡೆಗೆ ಅವನ ಕಾಲುಗಳು ನಡೆದವು, ಹೊಸ್ತಿಲು ದಾಟಿ, ಮಳೆಯೊಳಕ್ಕೆ.

ಅವಳು ಕಂಬದಿಂದ ಕುದುರೆಯ ಹಗ್ಗ ಬಿಚ್ಚಿದಳು, ಆ ಜಾಗಕ್ಕೆ ಅವನ ಲಗಾಮು ಬಿಗಿದಳು, ಕುದುರೆಯನ್ನು ಒಳಗೆ ಕರೆತಂದು ಬಾಗಿಲು ಹಾಕಿಕೊಂಡಳು.