ಎರಡನೇ ಬ್ರೇಕ್

ತಿರುವು ದಾಟಿದ್ದೇ ತಡ, ರಸ್ತೆಯ ನಟ್ಟನಡುವೆ ಕುದುರೆ ನಿಂತಿತ್ತು. ಕೊರಳಲ್ಲಿ ಕಿತ್ತುಕೊಂಡು ಬಂದ ಹಗ್ಗ, ಮೈಯೆಲ್ಲ ಬೆವರು. ಕಾರನ್ನು ಕಂಡು ಅದು ಓಡಲಿಲ್ಲ. ಮುಂಗಾಲೆರಡನ್ನೂ ಎತ್ತಿ ಸೆಟೆದು ನಿಂತಿತು. ಗೊರಸುಗಳು ಗಾಜಿನ ಮಟ್ಟಕ್ಕೆ ಬಂದವು. ಸ್ಟೇರಿಂಗ್ ಹಿಡಿದಿದ್ದ ಟೈಲರಮ್ಮ "ಅಯ್ಯೋ ಮೇಷ್ಟ್ರೇ" ಎಂದವರೇ ಕಣ್ಣು ಮುಚ್ಚಿಕೊಂಡರು. ಡ್ರೈವಿಂಗ್ ಸ್ಕೂಲಿನ ಹಳೆಯ ಕಾರು ಕಿರ್ರೆಂದು ಮುಗ್ಗರಿಸಿ, ಕುದುರೆಯ ಹೊಟ್ಟೆಗೆ ಇನ್ನೊಂದು ಗೇಣು ಇದೆ ಎನ್ನುವಾಗ ನಿಂತಿತು. ಎಂಜಿನ್ ಗಕ್ಕೆಂದು ಆಫ್ ಆಯಿತು.

ಕುದುರೆ ಕಾಲಿಳಿಸಿತು. ಬಾನೆಟ್ಟಿನ ಮೇಲೆ ಒಮ್ಮೆ ಬುಸ್ಸೆಂದು ಉಸಿರು ಬಿಟ್ಟು, ಏನೂ ಆಗಿಲ್ಲವೆಂಬಂತೆ ಪಕ್ಕದ ಬೇಲಿಯತ್ತ ನಡೆಯಿತು. ಟೈಲರಮ್ಮ ಕಣ್ಣು ಬಿಟ್ಟರು. ಮೊದಲು ಉಸಿರು ಬಂತು, ಅದರ ಬೆನ್ನಿಗೇ ನಗು.

"ನೋಡಿದ್ರಾ ಮೇಷ್ಟ್ರೇ, ಹೇಗೆ ಹಾಕ್ದೆ ಬ್ರೇಕು? ಹದಿನೆಂಟು ವರ್ಷ ಹೊಲಿಗೆ ಮಿಷನ್ ತುಳಿದ ಕಾಲಿದು. ಸುಮ್ನೇನಾ?"

ಪಕ್ಕದಲ್ಲಿ ಕೂತಿದ್ದ ಡ್ರೈವಿಂಗ್ ಮೇಷ್ಟ್ರು ಈಗ "ಭೇಷ್" ಅನ್ನಬೇಕಿತ್ತು. ಇಪ್ಪತ್ತಾರು ವರ್ಷದಿಂದ ಅವರು ಕಲಿಸುತ್ತಿದ್ದ ರೀತಿಯೇ ಅದು. ಅವರು ಕೂರುವ ಕಡೆ, ಕಾಲಿನ ಹತ್ತಿರ, ಇನ್ನೊಂದು ಬ್ರೇಕ್ ಇತ್ತು. ಅದು ಇದೆ ಎಂದು ಎಲ್ಲರಿಗೂ ಗೊತ್ತು. ಅವರು ಯಾವಾಗ ಒತ್ತುತ್ತಾರೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಷ್ಟು ಮೆತ್ತಗೆ ಒತ್ತಿ, ಕಿಟಕಿಯಾಚೆ ನೋಡುತ್ತ, "ಭೇಷ್, ಚೆನ್ನಾಗಿ ಹಾಕಿದೆ" ಎಂದುಬಿಡುತ್ತಿದ್ದರು. ಧೈರ್ಯ ಮೊದಲು ಬರಲಿ, ವಿದ್ಯೆ ಹಿಂದೆಯೇ ಬರುತ್ತದೆ ಎಂಬುದು ಅವರ ನಂಬಿಕೆ. ಬೇರೆ ಮೇಷ್ಟ್ರುಗಳು ಬೈದು ಕಲಿಸಿದರೆ ಇವರು ಹೊಗಳಿ ಕಲಿಸುತ್ತಿದ್ದರು. ಊರಿನ ಅಂಜುಬುರುಕರೆಲ್ಲ ಹುಡುಕಿಕೊಂಡು ಬರುತ್ತಿದ್ದದ್ದು ಇವರನ್ನೇ.

ಮಗಳಿಗೂ ಅವರೇ ಕಲಿಸಿದ್ದರು. ಅವಳು ಬ್ರೇಕನ್ನು ಮುಟ್ಟಿದರೆ ಸಾಕು, ಕಾರು ನಿಲ್ಲುತ್ತಿತ್ತು. ಉಳಿದ ಭಾರವೆಲ್ಲ ಅಪ್ಪನ ಕಾಲಿನದು. ಆರು ವಾರದ ಹಿಂದೆ, ಅಪ್ಪನೇ ಕೊಡಿಸಿದ ಸಣ್ಣ ಕಾರಿನಲ್ಲಿ ಒಬ್ಬಳೇ ಹೋಗುವಾಗ ಅವಳಿಗೆ ಎಮ್ಮೆ ಅಡ್ಡ ಬಂತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು. "ಅಪ್ಪ, ನಾನು ಬ್ರೇಕ್ ಒತ್ತಿದ್ದೆ. ನಿಮ್ಮ ಕಾರಲ್ಲಿ ಒತ್ತೋಷ್ಟೇ ಒತ್ತಿದ್ದೆ. ಯಾಕಪ್ಪ ನಿಲ್ಲಲಿಲ್ಲ?" ಎಂದು ಕೇಳಿದಳು. "ಅದರ ಬ್ರೇಕ್ ಕೆಟ್ಟಿತ್ತು ಮಗಳೇ" ಎಂದರು ಮೇಷ್ಟ್ರು. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಹೆಂಡತಿಗೂ ಅದನ್ನೇ ಹೇಳಿದರು. ಗ್ಯಾರೇಜಿನವನು "ಬ್ರೇಕಿಗೆ ಏನೂ ಆಗಿಲ್ಲ ಮೇಷ್ಟ್ರೇ" ಎಂದಾಗ, ಯಾರಿಗೂ ಹೇಳಬೇಡ ಎಂದು ಅವನಿಗೆ ಕೈಮುಗಿದರು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತದೆ ಗಾದೆ. ಇಲ್ಲಿ ಮಾಡಿದ್ದು ಮೇಷ್ಟ್ರು, ಉಂಡದ್ದು ಮಗಳು.

ಅಷ್ಟಾದರೂ ನಾಲಿಗೆ ಬುದ್ಧಿ ಕಲಿತಿರಲಿಲ್ಲ. ಮೊನ್ನೆ ನಾಯಿಯೊಂದು ಅಡ್ಡ ಬಂದಾಗ ಇದೇ ಟೈಲರಮ್ಮನಿಗೆ "ಭೇಷ್" ಎಂದಿದ್ದರು. ಅಂದು ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ.

"ಯಾಕ್ ಮೇಷ್ಟ್ರೇ, ಇವತ್ತು ಭೇಷ್ ಇಲ್ವಾ?" ಟೈಲರಮ್ಮ ಕೇಳಿದರು. "ನಾಳೆ ಟೆಸ್ಟು. ಅದೊಂದು ಆಗ್ಲಿ, ಮಕ್ಕಳಿಬ್ಬರನ್ನೂ ಹಿಂದೆ ಕೂರಿಸ್ಕೊಂಡು ನಾನೇ ಶಾಲೆಗೆ ಬಿಡ್ತೀನಿ. ನಮ್ಮನೆಯವ್ರ ಹತ್ರ ಪಂತ ಕಟ್ಟಿದೀನಿ."

ಮಕ್ಕಳಿಬ್ಬರನ್ನೂ ಎಂಬ ಮಾತಿಗೆ ಮೇಷ್ಟ್ರು ಅವರತ್ತ ತಿರುಗಿದರು.

"ಅಮ್ಮಾ, ಕಾಲು ಅಲ್ಲಾಡಿಸ್ಬೇಡಿ. ಎಲ್ಲಿದ್ಯೋ ಅಲ್ಲೇ ಇರ್ಲಿ. ಬಗ್ಗಿ ನೋಡಿ."

ಟೈಲರಮ್ಮ ನಗುನಗುತ್ತಲೇ ಬಗ್ಗಿದರು. ಅವರ ಎರಡೂ ಕಾಲು, ಅಡುಗೆಮನೆಯಲ್ಲಿ ಇಲಿ ಕಂಡವರ ಹಾಗೆ, ಸೀಟಿನ ಅಡಿಗೆ ಸೇರಿಕೊಂಡಿದ್ದವು. ಕಳಚಿಬಿದ್ದ ಒಂದು ಚಪ್ಪಲಿ ಕ್ಲಚ್ಚಿನ ಪಕ್ಕದಲ್ಲಿತ್ತು.

"ಒತ್ತಿದ್ದೆ ಮೇಷ್ಟ್ರೇ. ಈಗ ತಾನೇ ತೆಗೆದಿರ್ಬೇಕು."

"ಒತ್ತಿಲ್ಲಮ್ಮ. ಮೊನ್ನೆ ನಾಯಿ ಬಂದಾಗ್ಲೂ ಒತ್ತಿಲ್ಲ. ನಾಳೆ ಟೆಸ್ಟಿಗೆ ಹೋಗ್ಬೇಡಿ. ನಿಮಗೆ ಇನ್ನೂ ಬ್ರೇಕ್ ಹಾಕೋಕೆ ಬರಲ್ಲ. ನಾನು ಕಲಿಸೇ ಇಲ್ಲ."

ಟೈಲರಮ್ಮನ ನಗು ನಿಂತಿತು. ಅವರ ಕಣ್ಣು ನಿಧಾನವಾಗಿ ಪಕ್ಕದ ಸೀಟಿನ ಬ್ರೇಕಿನತ್ತ ಹೊರಳಿತು. ಮೇಷ್ಟ್ರ ಬೂಟು ಅದನ್ನು ನೆಲಕ್ಕೆ ಅದುಮಿ ಹಿಡಿದಿತ್ತು. ಟೈಲರಮ್ಮ ಅದನ್ನೇ ನೋಡುತ್ತ ಕುಳಿತರು. ಮೇಷ್ಟ್ರ ಮಗಳಿಗೆ ಬಟ್ಟೆ ಹೊಲಿದು ಕೊಡುತ್ತಿದ್ದವರು ಅವರೇ. ಸುದ್ದಿ ಕೇಳಿ ಮನೆಗೆ ಓಡಿಬಂದು, ಕೆಟ್ಟ ಬ್ರೇಕಿನ ಕಾರು ಮಾರಿದವನ ಕೈ ಸೇದಿಹೋಗಲಿ ಎಂದು ಮೇಷ್ಟ್ರ ಎದುರಿಗೇ ಶಪಿಸಿದ್ದರು. ಆಗ ಮೇಷ್ಟ್ರು ತಲೆ ತಗ್ಗಿಸಿ ಸುಮ್ಮನೆ ಕೇಳಿಸಿಕೊಂಡಿದ್ದರು.

"ಮೇಷ್ಟ್ರೇ," ಎಂದರು ಕೊನೆಗೆ, ದನಿಯೇ ಇಲ್ಲದಷ್ಟು ಮೆಲ್ಲಗೆ. "ಮಗಳಿಗೂ ಹೀಗೇ ಕಲಿಸಿದ್ರಾ?"

ಕುದುರೆ ಬೇಲಿ ದಾಟಿ ಕಣ್ಮರೆಯಾಗಿ ಎಷ್ಟೋ ಹೊತ್ತಾಗಿತ್ತು. ಎದುರಿಗೆ ಖಾಲಿ ರಸ್ತೆ, ಎಂಜಿನ್ ಆಫ್ ಆಗಿ ನಿಂತ ಕಾರು. ಅದರೊಳಗೆ ಮೇಷ್ಟ್ರ ಕಾಲು ಇನ್ನೂ ಬ್ರೇಕ್ ಒತ್ತಿಯೇ ಇತ್ತು.