ಆಧಾರ ತೋರಿಸಿ

ಇತಿಹಾಸಕಾರರ ಹೊಸ ಪುಸ್ತಕದ ಮೇಲಿನ ಚರ್ಚೆ ಅರ್ಧಕ್ಕೆ ಬಂದಿತ್ತು. ಸಭೆಯ ನಡುವಿನಿಂದ ಒಬ್ಬಾಕೆ ಎದ್ದು ನಿಂತಳು.

"ನಮ್ಮ ಮುತ್ತಜ್ಜ ಊರವರ ಸುಳಿವು ಬ್ರಿಟಿಷರಿಗೆ ಕೊಟ್ಟ ಅಂತ ಬರ್ದಿದೀರಿ. ಆಧಾರ ಎಲ್ಲಿ?"

"ಅಡಿಟಿಪ್ಪಣಿ ಹಾಕಿದೀನಲ್ಲಮ್ಮ. ಓದೋಕೆ ಬಂದ್ರೆ ಓದಿ."

ಸಭೆ ನಕ್ಕಿತು. ಆಕೆ ನಗಲಿಲ್ಲ.

"ಓದೇ ಬಂದಿದೀನಿ. ಪತ್ರಾಗಾರಕ್ಕೆ ಹೋಗಿ ನೀವು ಹೇಳಿದ ಕಡತ ತೆಗೆಸಿ ನೋಡ್ದೆ. ಮುತ್ತಜ್ಜ ಬರೆದ ಕಾಗದ ಅದರಲ್ಲಿ ಇಲ್ಲವೇ ಇಲ್ಲ."

"ನೀವು ಸರಿಯಾಗಿ ನೋಡಿಲ್ಲ."

"ಪತ್ರಾಗಾರದ ಅಧಿಕಾರಿಗಳೇ ಕೂತು ಹುಡುಕಿದ್ರು. ಇಲ್ಲೇ ಇದಾರೆ, ಕೇಳಿ."

ಮೊದಲ ಸಾಲಿನಲ್ಲಿದ್ದ ಅಧಿಕಾರಿ ಹೌದೆಂದು ತಲೆಯಾಡಿಸಿದರು.

"ಇಲ್ಲದ ಕಾಗದ ಹುಟ್ಟಿಸಿ ಸತ್ತವರ ಮುಖಕ್ಕೆ ಮಸಿ ಬಳಿದಿದೀರಿ. ನಿಮ್ಮ ಸಂಶೋಧನೆ ಎಲ್ಲ ಹಿಂಗೇನಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇತಿಹಾಸಕಾರರ ಮೈಯೆಲ್ಲ ಉರಿದುಹೋಯಿತು. ಜನ ತಮ್ಮನ್ನು ಒರಟ ಎನ್ನಲಿ, ಗರ್ವಿ ಎನ್ನಲಿ. ಸುಳ್ಳುಗಾರ ಅನ್ನಿಸಿಕೊಂಡು ಮನೆಗೆ ಹೋಗುವುದುಂಟೆ? ಚೀಲಕ್ಕೆ ಕೈಹಾಕಿ, ಪ್ಲಾಸ್ಟಿಕ್ ಲಕೋಟೆಯಲ್ಲಿ ಜೋಪಾನವಾಗಿಟ್ಟಿದ್ದ ಹಳದಿ ಕಾಗದವೊಂದನ್ನು ಎತ್ತಿ ಹಿಡಿದರು.

"ನೋಡಿ. ನಿಮ್ಮ ಮುತ್ತಜ್ಜನದೇ ಸಹಿ. ನಕಲಲ್ಲ, ಅಸಲು. ಮೂಲೆಯಲ್ಲಿ ಪತ್ರಾಗಾರದ ಮೊಹರೂ ಇದೆ. ಈಗ ಹೇಳಿ, ಸುಳ್ಳು ಯಾರದು?"

ಆಕೆ ಬಿಳಿಚಿಕೊಂಡು ಕುರ್ಚಿಯಲ್ಲಿ ಕುಸಿದಳು. ಗೆದ್ದ ಹುಮ್ಮಸ್ಸಿನಲ್ಲಿ ಅವರು ಕಾಗದವನ್ನು ಇಡೀ ಸಭೆಗೆ ತಿರುಗಿಸಿ ತಿರುಗಿಸಿ ತೋರಿಸಿದರು.

ಮೊದಲ ಸಾಲಿನ ಅಧಿಕಾರಿ ಎದ್ದು ವೇದಿಕೆಯ ಹತ್ತಿರ ಬಂದು ಕೈಚಾಚಿದರು.

"ನಮ್ಮ ಕಾಗದ ಕೊಡಿ ಸರ್."