ರಾಯರ ಹಾರ್ಮೋನು

"ರಾಯರ, ನಿಮಗ ಕೊಬ್ಬು ಭಾಳ ಆಗೇದ ನೋಡ್ರಿ" ಎಂದು ಡಾಕ್ಟರು ಹೇಳಿದ್ದೇ ತಡ, ದವಾಖಾನೆಯ ಬೆಂಚಿನ ಮೇಲೆ ಪಾಳಿಗೆ ಕುಳಿತಿದ್ದ ಅಷ್ಟೂ ಜನ ಕತ್ತೆತ್ತಿ ನೋಡಿದರು. ಸವದತ್ತಿಯ ಮಾಮಲೇದಾರ ಕಚೇರಿಯ ಕಾರಕೂನ ರಘೋತ್ತಮರಾಯರ ಬಗ್ಗೆ ಈ ಮಾತನ್ನು ಬೆನ್ನ ಹಿಂದೆ ಆಡುವವರು ತಾಲೂಕಿನ ತುಂಬ ಇದ್ದರು. ಮುಖದ ಮೇಲೆ ಹೇಳಿದವರು ಈ ಹೊಸ ಡಾಕ್ಟರೇ ಮೊದಲು.

"ಅದು ಊರಿಗೆಲ್ಲಾ ಗೊತ್ತಿದ್ದದ್ದ ಐತಿ ಬಿಡ್ರಿ, ಸಾಹೇಬ್ರ" ಎಂದ ಬಾಗಿಲಲ್ಲಿ ನಿಂತಿದ್ದ ಶಟ್ಟೆಪ್ಪ. ಹೊಲದ ಪಹಣಿ ಉತಾರ ಬೇಕೆಂದು ರಾಯರ ಟೇಬಲ್ಲಿಗೆ ಆರು ಸಲ ಅಲೆದು ಆರು ಸಲವೂ ಬೈಸಿಕೊಂಡು ಹೋದ ರೈತ ಅವನು.

"ನಾ ಹೇಳಿದ್ದು ರಕ್ತದಾಗಿನ ಕೊಬ್ಬು" ಎಂದು ಡಾಕ್ಟರು ಗಡಬಡಿಸಿ ಬೆಳಗಾವಿಯಿಂದ ಬಂದ ರಿಪೋರ್ಟು ತೋರಿಸಿದರು. ಕಲಿತದ್ದನ್ನೆಲ್ಲ ಹೇಳಿಬಿಡುವ ಉಮೇದು ಅವರಲ್ಲಿನ್ನೂ ಇಳಿದಿರಲಿಲ್ಲ. "ದಿನಕ್ಕ ಹತ್ತು ಕಪ್ಪು ಸಕ್ಕರಿ ಚಾ, ಮ್ಯಾಲೆ ಡಾಲ್ಡಾದಾಗ ಕರದ ಭಜಿ. ಸಕ್ಕರಿ ರಕ್ತದಾಗ ಏಕದಂ ಏರತದ, ಏಕದಂ ಇಳೀತದ. ಇಳಿದಾಗ ಮೈಯಾಗಿನ ಗ್ರಂಥಿಗಳು ಹಾರ್ಮೋನು ಬಿಡತಾವ. ಎದಿ ಹಾರತದ, ಕೈ ನಡಗತಾವ, ಸಿಟ್ಟು ಬರತದ. ಬ್ಯಾಳಿ, ಶೇಂಗಾ ಹೊತ್ತಿಗೆ ಸರಿಯಾಗಿ ತಗೋರಿ. ಅದರಾಗ ಅಮೈನೊ ಆಮ್ಲ ಅಂತ ಇರತಾವ. ತಲಿ ಶಾಂತ ಇಡೂ ರಸ ಅದರಿಂದನ ತಯಾರಾಗೂದು."

ಇಷ್ಟು ದೊಡ್ಡ ಭಾಷಣದಲ್ಲಿ ರಾಯರಿಗೆ ಹಿಡಿಸಿದ್ದು ಒಂದೇ ಶಬ್ದ. "ಅಂದ್ರ, ಸಿಟ್ಟು ನನ್ನದಲ್ಲ?"

"ಒಂದರ್ಥದಾಗ ಹಾರ್ಮೋನಿಂದು."

ರಾಯರು ದವಾಖಾನೆಯಿಂದ ಹೊರಬಿದ್ದಾಗ ಇಪ್ಪತ್ತು ವರ್ಷದ ಪಾಪ ಒಂದೇ ಮುಳುಗಿಗೆ ಕಳೆದವರಂತೆ ಹಗುರಾಗಿದ್ದರು. ಅಂದಿನಿಂದ ಮನೆಯಲ್ಲಿ ತಂಬಿಗೆ ಹಾರಿದರೆ ಎಸೆದದ್ದು ಹಾರ್ಮೋನು. ಕಚೇರಿಯಲ್ಲಿ ಅರ್ಜಿ ಹರಿದರೆ ಹರಿದದ್ದೂ ಅದೇ. ಸ್ವತಃ ರಾಯರು ಬಹಳ ಶಾಂತ ಮನುಷ್ಯರು ಎಂಬುದು ಹೀಗೆ ವಿಜ್ಞಾನದಿಂದಲೇ ಸಿದ್ಧವಾಯಿತು.

ಹೆಂಡತಿ ಲೀಲಾಬಾಯಿ ಮಾತ್ರ ಡಾಕ್ಟರು ಹೇಳಿದ್ದನ್ನು ಪೂರ್ತಿ ನಂಬಿದಳು. ರೇಷನ್ ಸಕ್ಕರೆಯ ಡಬ್ಬಿ ಅಟ್ಟ ಸೇರಿತು. ಬೆಳಿಗ್ಗೆ ನೆನೆಸಿದ ಶೇಂಗಾ, ಊಟಕ್ಕೆ ದಪ್ಪ ಹೆಸರುಬೇಳೆ, ನಡುವೆ ಮಜ್ಜಿಗೆ, ಒಂದು ದಿನವೂ ತಪ್ಪಲಿಲ್ಲ. ಅವಳಿಗೆ ಗಂಡನ ತಲೆ ತುರ್ತಾಗಿ ತಣ್ಣಗಾಗಬೇಕಿತ್ತು. ಮಹಿಳಾ ಮಂಡಳದ ಬಾಲವಾಡಿಯಲ್ಲಿ ಅವಳನ್ನು ಶಿಕ್ಷಕಿಯೆಂದು ಆರಿಸಿದ್ದರು. ಒಪ್ಪಿಗೆ ಪತ್ರದ ಮೇಲೆ ಗಂಡನ ಸಹಿ ಬೇಕು, ರವಿವಾರ ಸಂಜೆ ಐದರೊಳಗೆ ಕೊಡಬೇಕು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಊರಿಗೇ ಮೊದಲು ಬಂದು, ಆಮೇಲೆ ಇಪ್ಪತ್ತು ವರ್ಷ ಸಾಮಾನು ಕಟ್ಟಿ ಬಂದ ಕಾಗದವನ್ನಷ್ಟೇ ಓದಿಕೊಂಡಿದ್ದವಳು ಅವಳು. ಆ ಕೆಲಸದ ಮೇಲೆ ಅವಳ ಜೀವವೇ ಇತ್ತು.

ರವಿವಾರ ಮಧ್ಯಾಹ್ನ, ಬೇಳೆ ಎರಡನೆಯ ಸಲ ಬಡಿಸಿಯಾದ ಮೇಲೆ, ಅವಳು ಪತ್ರವನ್ನು ತಾಟಿನ ಪಕ್ಕಕ್ಕೆ ಸರಿಸಿದಳು.

ರಾಯರು ಓದಿದರು. "ಮಾಮಲೇದಾರ ಕಚೇರಿ ಕಾರಕೂನನ ಹೆಂಡತಿ ಕಂಡವರ ಮಕ್ಕಳ ಸುಂಬಳಾ ಒರಸಲಿಕ್ಕೆ ಹೋಗಬೇಕೇನು?" ಬೇಳೆಯ ಬಟ್ಟಲು ಅಡುಗೆಮನೆಯ ಗೋಡೆಗೆ ಬಡಿಯಿತು. "ನನಗ ಅನಬ್ಯಾಡ. ಹಾರ್ಮೋನು ಏರೇದ." ಇನ್ನೊಂದು ಬಟ್ಟಲಿಗೆ ಕೈ ಎತ್ತಿದರು.

ಹೊರಗೆ ಜೀಪು ಬಂದು ನಿಂತಿತು. ಆ ಜೀಪಿನ ಸಪ್ಪಳ ರಾಯರಿಗೆ ನಿದ್ದೆಯಲ್ಲೂ ಗೊತ್ತು. ಎತ್ತಿದ ಕೈಗೆ ಇನ್ನೊಂದು ಕೈ ಸೇರಿ ನಮಸ್ಕಾರವಾಯಿತು. ಊಟದ ನಡುವೆ ಎಂದೂ ಮೇಲೇಳದ ಮಡಿವಂತರು ಎಂಜಲು ಕೈಯಲ್ಲೇ ಪಡಸಾಲೆಗೆ ಓಡಿದರು.

ಮಾಮಲೇದಾರರು ಕೂಡುವ ಮೊದಲೇ ಶುರುಮಾಡಿದರು. "ಏನ್ರಿ ರಘೋತ್ತಮರಾವ್, ಆ ಮುರಗೋಡದ ಫೈಲಿನಾಗ ಏನ್ ಬರದೀರಿ? ನಾಳೆ ಕಲೆಕ್ಟರ್ ಬರಾಕತ್ತಾರ. ನಿಮ್ಮ ತಲ್ಯಾಗ ಮಿದುಳ ಐತೋ, ಶೇಂಗಾ ಸಿಪ್ಪಿ ಐತೋ?"

"ತಪ್ಪಾತ್ರಿ, ಸಾಹೇಬರ. ಈಗಿಂದೀಗ ತಿದ್ದತೇನಿ" ಎಂದರು ರಾಯರು. ಧ್ವನಿ ಬೆಣ್ಣೆಯಂತಿತ್ತು. ಮಾಮಲೇದಾರರು ಇನ್ನೂ ಕಾಲು ಗಂಟೆ ಬೈದರು, ರಾಯರು ಕಾಲು ಗಂಟೆಯೂ ನಕ್ಕರು.

ಬಾಗಿಲ ಮರೆಯಿಂದ ಇದನ್ನೆಲ್ಲ ನೋಡಿದ ಲೀಲಾಬಾಯಿ ಅಟ್ಟದಿಂದ ಸಕ್ಕರೆ ಡಬ್ಬಿ ಇಳಿಸಿದಳು. ಚಹಾದ ಕಪ್ಪಿನ ಜೊತೆ ಪತ್ರವನ್ನೂ ತಂದಳು. "ಸಾಹೇಬರ, ಬಾಲವಾಡಿ ಕೆಲಸದ ಒಪ್ಪಿಗೆ ಪತ್ರ. ಇವರದೊಂದು ಸಹಿ ಆಗಬೇಕಾಗೇದ."

"ಚಲೋ ಕೆಲಸ ಐತ್ರಿ ಬಾಯಾರ. ರಘೋತ್ತಮರಾವ್, ಮಾಡ್ರಿ ಸಹಿ, ಏನು ನೋಡತೀರಿ?"

"ಹೋಗು ಹೋಗು ಅಂತ ನಾನ ಹೇಳಿ ಹೇಳಿ ಸಾಕಾಗೇದರಿ" ಎಂದು ರಾಯರು ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ ಬೇಳೆಯದೊಂದು ಹೆಬ್ಬೆಟ್ಟೂ ಬಿತ್ತು.

ಜೀಪಿನ ಸಪ್ಪಳ ಓಣಿ ದಾಟುವವರೆಗೆ ರಾಯರು ಕಟ್ಟೆಯ ಮೇಲೆ ನಗುತ್ತ ನಿಂತಿದ್ದರು. ಒಳಗೆ ಬಂದಾಗ ಕಣ್ಣು ಕೆಂಪಾಗಿದ್ದವು, ಕೈ ಆ ಇನ್ನೊಂದು ಬಟ್ಟಲನ್ನು ಹುಡುಕುತ್ತಿತ್ತು. "ಲೀಲಾ, ನನ್ನ ಹಾರ್ಮೋನು..."

ಅವಳು ಪತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ ಚಪ್ಪಲಿ ಮೆಟ್ಟುತ್ತಿದ್ದಳು. "ಮಂಡಳಕ್ಕ ಪತ್ರ ಕೊಟ್ಟು, ಹಂಗ ಡಾಕ್ಟರಿಗೆ ಭೆಟ್ಟಿಯಾಗಿ ಬರತೇನಿ. ಬ್ಯಾಳಿ, ಶೇಂಗಾ ನಿಮಗ ನಾಟಲಿಲ್ಲಂತ ಹೇಳತೇನಿ. ಊಟಕ್ಕಿಂತ ಮೊದಲ ಒಂದು ಜೀಪು, ಊಟ ಆದ ಮ್ಯಾಲೆ ಒಂದು ಜೀಪು ಅಂತ ಬರದು ಕೊಡ್ಲಿ."